ಹತ್ತೂವರೆಯ ಪರದೆ

ನನ್ನ ಅಕ್ಷರ ದುಂಡಗಿದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ತಪ್ಪೊಪ್ಪಿಗೆ ಎಂದು ಹೇಳುತ್ತಿದ್ದೇನೆ. ಅಕ್ಷರ ಚೆನ್ನಾಗಿರುವವನಿಗೆ ಈ ಲೋಕದಲ್ಲಿ ಸುಖವಿಲ್ಲ. ಪರಿಚಯದವರ ಮನೆಯ ಮದುವೆ ಕಾಗದಗಳ ಮೇಲೆ ವಿಳಾಸ ಬರೆಯುವವನು ಅವನೇ. ಗಣಪತಿ ಕೂರಿಸುವ ಮಂಡಳಿಯ ಬಟ್ಟೆ ಬ್ಯಾನರಿನ ಮುಂದೆ ಬ್ರಷ್ ಹಿಡಿದು ಮಂಡಿಯೂರುವವನೂ ಅವನೇ. ಅಡ್ಡಾದಿಡ್ಡಿ ಬರೆಯುವವರೆಲ್ಲ ಆ ಹೊತ್ತಿಗೆ ಎಲೆ ಮುಂದೆ ಕೂತು ಶ್ರೀಖಂಡ ಹೊಡೆಯುತ್ತಿರುತ್ತಾರೆ. ಗದಗಿನ ಶಾಲೆಯಲ್ಲಿ ನನ್ನ ಕಾಪಿ ಪುಸ್ತಕ ನೋಡಿ ಮಾಸ್ತರರು ಬೆನ್ನು ತಟ್ಟಿದಾಗಲೇ ನಾನು ಎಚ್ಚರಗೊಂಡು ಕಾಗೆ ಕಾಲು ಗುಬ್ಬಿ ಕಾಲು ಬರೆಯಲು ಶುರು ಮಾಡಬೇಕಿತ್ತು. ಆಗ ಬುದ್ಧಿ ಇರಲಿಲ್ಲ, ಖುಷಿಪಟ್ಟೆ.

ಎಪ್ಪತ್ತರ ದಶಕದಲ್ಲಿ ನಾವು ಡೊಂಬಿವಲಿ ಪೂರ್ವದಲ್ಲಿ ಒಂದು ಹೌಸಿಂಗ್ ಸೊಸೈಟಿಯ ಎರಡನೇ ಮಹಡಿಯಲ್ಲಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ, ಗ್ಯಾಲರಿ ಎನ್ನುವ ಒಂದು ಬಾಲ್ಕನಿ. ಆ ಮರಾಠಿ ಸೀಮೆಯಲ್ಲಿ ಒಂದು ಪದ್ಧತಿ ಇದೆ. ಶಾಲೆ, ಸ್ಟೇಷನ್ನು, ಸೊಸೈಟಿ, ಎಲ್ಲಿ ಜನ ಓಡಾಡುತ್ತಾರೋ ಅಲ್ಲೊಂದು ಕರಿಹಲಗೆ ತೂಗುಹಾಕಿ ದಿನಕ್ಕೊಂದು ಸುವಿಚಾರ ಬರೆಯುತ್ತಾರೆ. ಸುವಿಚಾರವೆಂದರೆ ಮನುಷ್ಯ ಹಲ್ಲುಜ್ಜಿ ಹೊರಗೆ ಬಂದ ಕೂಡಲೇ ಅವನಿಗೆ ಒಂದು ಉಪದೇಶ. ನಮ್ಮ ಸೊಸೈಟಿಯಲ್ಲಿ ಮೂವತ್ತೆರಡು ಮರಾಠಿ ಮನೆಗಳಿದ್ದವು, ಕನ್ನಡದ್ದು ನಮ್ಮದೊಂದೇ. ಆದರೂ ಮರಾಠಿ ಸುವಿಚಾರ ಬರೆಯುವ ಕೆಲಸ ನನಗೇ ಬಂತು, ಅಕ್ಷರದ ದೆಸೆಯಿಂದ. ಗೋಡೆ ಕ್ಯಾಲೆಂಡರಿನ ಹಿಂಬದಿಯಿಂದ ಸುವಿಚಾರ ಕದಿಯುತ್ತಿದ್ದೆ. ಅದು ಮುಗಿದ ಮೇಲೆ ನಾನೇ ಹೊಸೆಯುತ್ತಿದ್ದೆ, ಯಾರಿಗೂ ಗೊತ್ತಾಗಲಿಲ್ಲ. ಕೆಳಗಿನ ಮನೆಯ ದಾಮ್ಲೆ ಕಾಕಾ, ರೈಲ್ವೆಯಿಂದ ನಿವೃತ್ತರಾದವರು, ದಿನಾ ಬೆಳಿಗ್ಗೆ ಹಲಗೆಯ ಮುಂದೆ ಚಪ್ಪಲಿ ಬಿಟ್ಟು ನಿಂತು ಓದುತ್ತಿದ್ದರು. ಅವರು ಚಪ್ಪಲಿ ಬಿಡುವುದನ್ನು ನೋಡಿ ನನಗೆ ಸ್ವಲ್ಪ ಹೆದರಿಕೆಯೇ ಆಗುತ್ತಿತ್ತು.

ನೌಕರಿ ಇದ್ದದ್ದು ಕಲ್ಯಾಣದಲ್ಲಿ, ಒಂದು ಟ್ರಸ್ಟಿನವರು ನಡೆಸುವ ತರಬೇತಿ ಸಂಸ್ಥೆಯಲ್ಲಿ. ಫಿಟ್ಟರ್, ಟರ್ನರ್, ವೆಲ್ಡರ್, ವೈರ್‌ಮನ್ ಕಲಿಸುತ್ತಿದ್ದರು. ಕಲಿತು ಮುಗಿಸಿದವರಿಗೆ ನೌಕರಿ ಎಲ್ಲಿ ಖಾಲಿ ಇದೆಯೆಂದು ತಿಳಿಸುವುದು ನನ್ನ ಕೆಲಸ. ನಾನು ಬರುವ ಮೊದಲು ಈ ಮೇಜಿನಲ್ಲಿದ್ದ ಮಹಾಶಯರು ಕಾರ್ಖಾನೆಗಳಿಂದ ಬಂದ ಕಾಗದಗಳನ್ನು ಜೇಬಿನಲ್ಲಿಟ್ಟುಕೊಂಡು ತಮ್ಮ ಊರಿನವರಿಗಷ್ಟೇ ಸುದ್ದಿ ಕೊಡುತ್ತಿದ್ದರಂತೆ. ಗಲಾಟೆಯಾಗಿ ಅವರನ್ನು ಸ್ಟೋರಿಗೆ ಹಾಕಿದರು. ಆಮೇಲೆ ಪ್ರಿನ್ಸಿಪಾಲ್ ಲಿಮಯೆ ಸಾಹೇಬರು ಒಂದು ನಿಯಮ ಮಾಡಿದರು. ನೌಕರಿಯ ಸುದ್ದಿಯನ್ನು ಬಾಯಲ್ಲಿ ಯಾರಿಗೂ ಹೇಳಕೂಡದು. ಬೆಳಿಗ್ಗೆ ಹತ್ತೂವರೆಗೆ ಬೋರ್ಡಿಗೆ ಹಚ್ಚಬೇಕು. ಎಲ್ಲರೂ ಒಟ್ಟಿಗೆ ಓದಬೇಕು.

ಈ ನಿಯಮ ನನಗೆ ಬಹಳ ಹಿಡಿಸಿತು. ನನಗೆ ನಿಯಮಗಳೆಂದರೆ ಮೊದಲಿನಿಂದಲೂ ಪ್ರೀತಿ. ನಿಯಮ ಇದ್ದರೆ ತಲೆ ಉಪಯೋಗಿಸುವ ತಾಪತ್ರಯ ಇರುವುದಿಲ್ಲ. ಕಾರ್ಖಾನೆಯ ಕಾಗದಗಳು ಮಧ್ಯಾಹ್ನದ ಟಪಾಲಿನಲ್ಲಿ ನಾಲ್ಕು ಗಂಟೆಗೆ ಬರುತ್ತಿದ್ದವು. ಅವಕ್ಕೆ ನಂಬರು ಹಾಕಿ ಸಾಹೇಬರ ಸಹಿ ಆಗುವಷ್ಟರಲ್ಲಿ ಐದೂವರೆ, ಆಫೀಸು ಬಂದ್. ಹಾಗಾಗಿ ಕಾಗದವನ್ನು ಖಾದಿ ಚೀಲದಲ್ಲಿಟ್ಟುಕೊಂಡು ಮನೆಗೆ ತಂದು, ಟ್ರಂಕಿನ ಮೇಲೆ ದೊಡ್ಡ ಹಾಳೆ ಹರಡಿ, ಮೂರು ಬಣ್ಣದ ಶಾಯಿಯಲ್ಲಿ ಅಂದವಾಗಿ ಬರೆದು, ಮರುದಿನ ಒಯ್ದು ಹಚ್ಚುತ್ತಿದ್ದೆ. ಟೈಪ್ ಮಾಡಿದ ಕಾಗದವನ್ನೇ ಹಚ್ಚಿದ್ದರೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತಿತ್ತು. ಆದರೆ ನನ್ನ ಅಕ್ಷರದ ಗತಿ ಏನು?

ತೊಂದರೆ ಎಲ್ಲಿಂದ ಬಂತೆಂದರೆ ಬಾಗಲಕೋಟೆಯಿಂದ ಬಂತು. ನನ್ನ ಹೆಂಡತಿ ಕುಸುಮಾಳ ತಮ್ಮ ವಾಸುದೇವ, ಮನೆಯಲ್ಲಿ ವಾಸ್ಯಾ, ನಮ್ಮ ಸಂಸ್ಥೆಗೇ ಫಿಟ್ಟರ್ ಕಲಿಯಲು ಬಂದು ನಮ್ಮ ಗ್ಯಾಲರಿಯಲ್ಲಿ ಬೀಡುಬಿಟ್ಟ. ಹುಡುಗ ಮಾತು ಕಡಿಮೆ, ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಬಂದ ವಾರದಲ್ಲೇ ನಮ್ಮ ಸ್ಟೋವು ಹೊಗೆ ಉಗುಳುವುದನ್ನು ಬಿಟ್ಟಿತು. ಹದಿನೈದು ದಿನದಲ್ಲಿ ಇಡೀ ಮಹಡಿಯ ನಲ್ಲಿಗಳು ತೊಟ್ಟಿಕ್ಕುವುದು ನಿಂತಿತು. ದಾಮ್ಲೆ ಕಾಕಾರ ಗೋಡೆ ಗಡಿಯಾರ ಮೂರು ವರ್ಷದಿಂದ ಏಳು ಹತ್ತಕ್ಕೆ ನಿಂತಿದ್ದದ್ದು ನಡೆಯಲು ಶುರುವಾಗಿ, ಅವರು ಅದರ ಸದ್ದಿಗೆ ಎರಡು ದಿನ ನಿದ್ದೆ ಬರಲಿಲ್ಲ ಎಂದು ದೂರಿದರು. ಕೋರ್ಸು ಮುಗಿಸಿದಾಗ ವಾಸ್ಯಾ ಬ್ಯಾಚಿಗೇ ಎರಡನೆಯವನು. ಇವನಿಗೆ ನೌಕರಿ ಸಿಗಲು ವಾರ ಸಾಕು ಎಂದು ನಾನು ಮಾವನವರಿಗೆ ಮೂರು ಬಣ್ಣದಲ್ಲಿ ಕಾಗದ ಬರೆದೆ.

ಒಂದೂವರೆ ವರ್ಷವಾದರೂ ಸಿಗಲಿಲ್ಲ. ಕಾರಣ ನಾನು. ನೌಕರಿಯ ಸುದ್ದಿ ಪ್ರತಿ ಸಂಜೆ ನನ್ನ ಚೀಲದಲ್ಲಿ ನಮ್ಮ ಮನೆಗೇ ಬರುತ್ತಿತ್ತು. ಆದರೆ ಮನೆಯಲ್ಲಿರುವವನು ತರಬೇತಿ ಮುಗಿಸಿದವನು, ಬೋರ್ಡಿಗೆ ಬರುವ ಮೊದಲು ಅವನಿಗೆ ತಿಳಿದರೆ ಅದು ಪಕ್ಷಪಾತ. ಹಿಂದಿನ ಮಹಾಶಯರು ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸುತ್ತಿದ್ದುದು ಕಣ್ಣ ಮುಂದೆಯೇ ಇತ್ತು. ಹಾಗಾಗಿ ಸಂಜೆ ನಾನು ಹಾಳೆ ಬಿಚ್ಚುವ ಮೊದಲು ಗಂಟಲು ಸರಿಪಡಿಸಿಕೊಳ್ಳುತ್ತಿದ್ದೆ. ವಾಸ್ಯಾ ಎದ್ದು ಗ್ಯಾಲರಿಗೆ ಹೋಗುತ್ತಿದ್ದ. ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಬರೆದು ಮುಗಿಸಿ, ಸುರುಳಿ ಸುತ್ತಿ, ಚೀಲಕ್ಕೆ ಸೇರಿಸಿ, ಚೀಲವನ್ನು ಗೂಟಕ್ಕೆ ತೂಗುಹಾಕಿದ ಮೇಲೆ ಬಾಗಿಲು ತೆಗೆಯುತ್ತಿದ್ದೆ. ಅವನು ಒಳಗೆ ಬಂದು ಆ ಗೂಟದ ಕೆಳಗೇ ಊಟಕ್ಕೆ ಕೂರುತ್ತಿದ್ದ.

ಕುಸುಮಾ ಮೊದಮೊದಲು ನಕ್ಕಳು. ಆಮೇಲೆ ಒಂದು ದಿನ ತಟ್ಟೆಗೆ ಭಕ್ರಿ ಹಾಕುತ್ತ, ನನ್ನ ಮುಖ ನೋಡದೆ ಕೇಳಿದಳು: "ಚೀಲದಾಗ ಏನದ ಇವತ್ತ?"

"ಆಫೀಸಿನ ಕಾಗದ," ಎಂದೆ.

"ಫಿಟ್ಟರಂದೇನು?"

"ಹತ್ತೂವರೆಗೆ ಬೋರ್ಡಿಗೆ ಬರತದ. ಅಲ್ಲೇ ಬಂದು ಓದಲಿ," ಎಂದೆ.

"ಭಾವ ಹೇಳೋದು ಬರೋಬ್ಬರಿ ಅದ ಅಕ್ಕ," ಎಂದ ವಾಸ್ಯಾ, ತಲೆ ಎತ್ತದೆ. ನನಗೆ ಅವನ ಮೇಲೆ ಅಭಿಮಾನ ಉಕ್ಕಿಬಂತು. ಎಂಥ ತಿಳಿದ ಹುಡುಗ ಎಂದುಕೊಂಡು ಇನ್ನೊಂದು ಭಕ್ರಿ ಹಾಕಿಸಿಕೊಂಡೆ. ಕುಸುಮಾ ನನಗೆ ಹಾಕಿದ್ದು ಸೀದ ಭಕ್ರಿ.

ವಾಸ್ಯಾ ದಿನಾ ಬೆಳಿಗ್ಗೆ, ಬೋರ್ಡಿನ ಮುಂದೆ ಮೊದಲ ಸಾಲು ಸಿಗಲೆಂದು, ಏಳು ಇಪ್ಪತ್ತರ ಲೋಕಲ್ಲಿಗೆ ಉಳಿದ ಹುಡುಗರ ಜೊತೆ ಕಲ್ಯಾಣಕ್ಕೆ ಹೋಗಿ, ಬೋರ್ಡಿನ ಮುಂದೆ ಹತ್ತೂವರೆಯ ತನಕ ಕಾದು, ನಾನು ಹಚ್ಚಿದ್ದನ್ನು ಓದಿ, ಅಲ್ಲಿಂದ ಕಾರ್ಖಾನೆಯ ಗೇಟಿಗೆ ಓಡುತ್ತಿದ್ದ. ಠಾಣೆಗೆ ಲೋಕಲ್ಲು, ಅಲ್ಲಿಂದ ಬೇಲಾಪುರ ರಸ್ತೆಯ ಬಸ್ಸು. ಹೋಗುವಷ್ಟರಲ್ಲಿ ಗೇಟಿನವನು "ಬೆಳಿಗ್ಗೆಯೇ ಭರ್ತಿ ಆಯಿತಲ್ಲ, ನಿಮ್ಮ ಸಂಸ್ಥೆಯವರೇ ನಾಲ್ಕು ಜನ ಬಂದಿದ್ದರು" ಎನ್ನುತ್ತಿದ್ದನಂತೆ.

ಇದು ನನಗೆ ಬಿಡಿಸಲಾಗದ ಒಗಟಾಯಿತು. ನಾನು ಹತ್ತೂವರೆಗೆ ಹಚ್ಚುತ್ತೇನೆ. ಆ ನಾಲ್ಕು ಜನ ಒಂಬತ್ತಕ್ಕೆ ಹೇಗೆ ಹೋದರು? ವರ್ಷದಲ್ಲಿ ಅವನ ಬ್ಯಾಚಿನ ಹುಡುಗರೆಲ್ಲ ಒಬ್ಬೊಬ್ಬರಾಗಿ ನೌಕರಿ ಹಿಡಿದರು. ಅಂಕ ಕಡಿಮೆ ಬಿದ್ದವರು, ಅರ ಹಿಡಿಯಲು ಬಾರದವರು, ಒಮ್ಮೆ ತನ್ನ ಅಂಗಿಯನ್ನೇ ಕಬ್ಬಿಣ ಹಿಡಿಯುವ ವೈಸಿಗೆ ಸೇರಿಸಿ ಬಿಗಿದುಕೊಂಡವನೊಬ್ಬನಿದ್ದ, ಅವನೂ. ಉಳಿದವನು ಎರಡನೇ ನಂಬರಿನ ವಾಸ್ಯಾ ಒಬ್ಬ. ಸುದ್ದಿ ಎಲ್ಲೋ ಸೋರುತ್ತಿದೆ ಎಂದು ನನಗೆ ಖಾತ್ರಿಯಾಯಿತು. ಮೊದಲು ಜವಾನನ ಮೇಲೆ ಅನುಮಾನಪಟ್ಟೆ. ಅವನಿಗೆ ಓದಲು ಬರುವುದಿಲ್ಲವೆಂದು ಆಮೇಲೆ ನೆನಪಾಯಿತು. ಬೋರ್ಡಿಗೆ ಗಾಜಿನ ಬಾಗಿಲು ಮಾಡಿಸಿ ಬೀಗ ಹಾಕಿಸಿದೆ. ಸೋರುವುದು ನಿಲ್ಲಲಿಲ್ಲ. ಹತ್ತೂವರೆಗೆ ಮುಂಚೆ ಯಾರೂ ಗಾಜಿನೊಳಗೆ ಇಣುಕಬಾರದೆಂದು ಕುಸುಮಾಳ ಹಳೆಯ ಹಸಿರು ಸೀರೆಯ ಪರದೆ ಕಟ್ಟಿಸಿದೆ. ಹಚ್ಚುವ ಮೊದಲು ಅಲ್ಲಿ ಏನೂ ಇರುವುದಿಲ್ಲ, ಪರದೆಯ ಹಿಂದೆ ಇರುವುದು ನಿನ್ನೆಯದು ಎಂಬುದು ನನಗೆ ಹೊಳೆಯಲಿಲ್ಲ. ಬೀಗ ಕೂರಿಸಿದವನೂ, ಪರದೆ ಸಲೀಸಾಗಿ ಸರಿಯುವ ಹಾಗೆ ಸರಳು ಬಳೆ ಜೋಡಿಸಿಕೊಟ್ಟವನೂ ವಾಸ್ಯಾ. ಬಹಳ ಒಳ್ಳೆಯ ಕೆಲಸ. ಹತ್ತೂವರೆಗೆ ನಾನು ಹಗ್ಗ ಎಳೆದರೆ ಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೆ ಪರದೆ ಸರಿಸಿದ ಹಾಗೆ ಸರ್ರನೆ ಸರಿಯುತ್ತಿತ್ತು. ದರ್ಶನಕ್ಕೆ ನಿಂತಿರುತ್ತಿದ್ದವನು ಅವನೊಬ್ಬನೇ.

ಬಾಗಲಕೋಟೆಯಿಂದ ಮಾವನವರ ಇನ್‌ಲ್ಯಾಂಡ್ ಕಾಗದಗಳು ಬರತೊಡಗಿದವು. ಮೊದಲಿಗೆ "ಚಿ. ವಾಸುದೇವನ ನೌಕರಿ ಎಲ್ಲಿಯ ತನಕ ಬಂತು" ಎಂದಿದ್ದದ್ದು, ಆಮೇಲೆ "ತಾವು ಆ ಖಾತೆಯಲ್ಲಿಯೇ ಇರುವಿರಷ್ಟೆ" ಎಂದಾಯಿತು. ಕೊನೆಗೆ ನೇರವಾಗಿ ಬಂತು. ಹೆಚ್ಚಿನ ಕಾರ್ಖಾನೆಗಳಲ್ಲಿ ಹೊಸಬರನ್ನು ತೆಗೆದುಕೊಳ್ಳಲು ಇಪ್ಪತ್ತೈದು ತುಂಬಿರಬಾರದು ಎಂಬ ಷರತ್ತಿದೆ ಎಂದು ಅವರಿಗೂ ಯಾರೋ ಹೇಳಿದ್ದರು. ವಾಸ್ಯಾನಿಗೆ ಇಪ್ಪತ್ತೈದು ತುಂಬುವುದರೊಳಗೆ ಆಗದಿದ್ದರೆ ಅವನನ್ನು ಕಳಿಸಿಕೊಡಿ, ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಖಣ ಅಳೆಯುತ್ತ ಕೂಡಲಿ, ಎಂದಿದ್ದರು. ವಾಸ್ಯಾ ಕಾಗದ ಓದಿ ಮಡಿಚಿ ನನ್ನ ಕೈಗೆ ಕೊಟ್ಟ. ಗ್ಯಾಲರಿಗೆ ಹೋಗಿ, ಸರಿಯಾಗಿಯೇ ಇದ್ದ ನಮ್ಮ ಸ್ಟೋವನ್ನು ಪೂರ್ತಿ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದ. ನಾನು ಅವನ ಬೆರಳುಗಳನ್ನೇ ನೋಡುತ್ತ ಕೂತೆ.

ಬುಧವಾರ ಅವನಿಗೆ ಇಪ್ಪತ್ತೈದು ತುಂಬುವುದಿತ್ತು. ಅದರ ಹಿಂದಿನ ಶನಿವಾರದ ಟಪಾಲಿನಲ್ಲಿ ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯಿಂದ ಕಾಗದ ಬಂತು. ನಾಲ್ವರು ಫಿಟ್ಟರುಗಳು ಬೇಕು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಎರಡನೇ ನಂಬರಿನ ಗೇಟಿಗೆ ಬರಬೇಕು, ಮೂಲ ಪ್ರಮಾಣಪತ್ರ ತರಬೇಕು, ಇಪ್ಪತ್ತೈದು ತುಂಬಿರಬಾರದು. ಇನ್ನೊಮ್ಮೆ ಓದಿದೆ. ಅವರು ಕರೆದದ್ದು ಸೋಮವಾರ ಒಂಬತ್ತಕ್ಕೆ, ನನ್ನ ಪರದೆ ಸರಿಯುವುದು ಸೋಮವಾರ ಹತ್ತೂವರೆಗೆ. ಲಿಮಯೆ ಸಾಹೇಬರ ಬಳಿಗೆ ಹೋಗಿ, ಇದನ್ನು ಇವತ್ತೇ ಹಚ್ಚಲೇ ಎಂದು ಕೇಳಿದೆ. ಅವರು ಗಡಿಯಾರ ನೋಡಿದರು. "ಈಗ ಯಾರಿದ್ದಾರೆ ಓದುವುದಕ್ಕೆ? ಒಬ್ಬಿಬ್ಬರು ಓದಿ ಉಳಿದವರು ಓದದಿದ್ದರೆ ಅದೂ ಪಕ್ಷಪಾತವೇ. ನಿಯಮದ ಪ್ರಕಾರ ಸೋಮವಾರ ಹಚ್ಚಿ," ಎಂದರು. ನಾನಾದರೂ ಬೇರೆ ಏನು ಹೇಳುತ್ತಿದ್ದೆ? ಅವರ ಜಾಗದಲ್ಲಿದ್ದರೆ ಶಬ್ದಕ್ಕೆ ಶಬ್ದ ಅದನ್ನೇ ಹೇಳುತ್ತಿದ್ದೆ.

ಮನೆಗೆ ಬಂದು ಚೀಲವನ್ನು ಗೂಟಕ್ಕೆ ಹಾಕಿದೆ. ಬರೆಯಲು ಕೂರಲಿಲ್ಲ, ಕುಸುಮಾಳ ಜೊತೆ ಸುಮ್ಮನೆ ಬಾಜಾರಿಗೆ ಹೋಗಿ, ಬೇಡದಿದ್ದರೂ ಎರಡು ಕಿಲೋ ಬದನೆಕಾಯಿ ಹೊತ್ತು ತಂದೆ. ದಾರಿಯಲ್ಲಿ ಹತ್ತು ಸಲ ಬಾಯಿ ತೆರೆದೆ. ಹತ್ತು ಸಲವೂ ಬದನೆಕಾಯಿಯ ಬಗ್ಗೆಯೇ ಮಾತಾಡಿದೆ.

ಮರುದಿನ ಭಾನುವಾರ. ನಲ್ಲಿಗೆ ನೀರು ಬರುವುದು ಐದೂವರೆಗೆ. ನೀರು ತುಂಬಿ, ಸ್ನಾನ ಮುಗಿಸಿ, ಸಂಧ್ಯಾವಂದನೆಗೆ ಕೂತಾಗ ಅರ್ಘ್ಯ ಬಿಡುವ ಮಧ್ಯೆ ನನಗೊಂದು ಯೋಚನೆ ಬಂತು. ಬೋರ್ಡಿಗೆ ಹಚ್ಚಬೇಕು ಎಂದಿದೆ ನಿಯಮ. ಯಾವ ಬೋರ್ಡು ಎಂದು ಹೇಳಿಲ್ಲ. ಬಾಯಲ್ಲಿ ಹೇಳಕೂಡದು ಎಂದಿದೆ, ಹಲಗೆಯ ಮೇಲೆ ಬರೆಯಕೂಡದು ಎಂದಿಲ್ಲ. ಸೊಸೈಟಿಯ ಹಲಗೆ ಬೀದಿಗೆ ಕಾಣುತ್ತದೆ, ಊರಿನ ಯಾರು ಬೇಕಾದರೂ ಬಂದು ಓದಬಹುದು. ಹಾಗೆ ಓದಬಹುದಾದವರಲ್ಲಿ ವಾಸ್ಯಾ ಒಬ್ಬ ಇದ್ದರೆ ಅದಕ್ಕೆ ನಾನೇನು ಮಾಡಲಿ. ಬದುಕಿನಲ್ಲಿ ಮೊದಲ ಸಲ ನಿಯಮದಲ್ಲಿ ತೂತು ಹುಡುಕಿದ ನನಗೆ ಬೆವರು ಕಿತ್ತುಕೊಂಡು ಬಂತು. ಬಣ್ಣದ ಚಾಕ್‌ಪೀಸು ತೆಗೆದುಕೊಂಡು ಕೆಳಗೆ ಹೋಗಿ, ನಿನ್ನೆಯ ಸುವಿಚಾರ ಒರೆಸಿ, ಸುತ್ತ ಹೂಬಳ್ಳಿ ಬಿಡಿಸಿ, ನಡುವೆ ಮರಾಠಿಯಲ್ಲಿ ದುಂಡಗೆ ಬರೆದೆ: ಬೇಕಾಗಿದ್ದಾರೆ, ನಾಲ್ವರು ಫಿಟ್ಟರುಗಳು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬರಬೇಕು. ಮೂಲ ಪ್ರಮಾಣಪತ್ರ ಜೊತೆಗಿರಲಿ. ಕೆಳಗೆ ಕಾರ್ಖಾನೆಯ ಹೆಸರನ್ನೂ ಬರೆದೆ. ಅಭ್ಯಾಸಬಲದಿಂದ ಸುವಿಚಾರ ಹೇಳಿದವರ ಹೆಸರು ಬರೆಯುವ ಜಾಗದಲ್ಲಿ, ಹಿಂದೊಂದು ಅಡ್ಡಗೆರೆ ಎಳೆದು ಬರೆದುಬಿಟ್ಟೆ.

ಮೆಟ್ಟಿಲಿನ ಮರೆಯಲ್ಲಿ ನಿಂತು ಕಾದೆ. ಮೊದಲು ಬಂದವರು ದಾಮ್ಲೆ ಕಾಕಾ. ಚಪ್ಪಲಿ ಬಿಟ್ಟು ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. ನನ್ನನ್ನು ಕಂಡು ಹತ್ತಿರ ಕರೆದು, ಮರಾಠಿಯಲ್ಲಿ, "ಇಷ್ಟು ದಿನ ಬರೆದದ್ದೆಲ್ಲ ಒಂದು ತೂಕ, ಇದು ಒಂದು ತೂಕ," ಎಂದರು. "ನಾಲ್ವರು ಬೇಕಾಗಿದ್ದಾರೆ. ನಿಜವಪ್ಪಾ. ಎಷ್ಟು ಗಳಿಸಿದರೂ ಕೊನೆಗೆ ಹೆಗಲು ಕೊಡಲು ನಾಲ್ವರು ಬೇಕು. ಕರೆ ಬಂದ ಹೊತ್ತಿಗೆ ಸರಿಯಾಗಿ ಹೋಗಬೇಕು. ಮೂಲ ಪ್ರಮಾಣಪತ್ರ ಎಂದರೆ ನಮ್ಮ ಪಾಪ ಪುಣ್ಯ, ಅಲ್ಲಿ ನಕಲು ನಡೆಯುವುದಿಲ್ಲ."

"ಕಾಕಾ, ಇದು ಫಿಟ್ಟರ್ ಕೆಲಸದ್ದು," ಎಂದೆ.

"ಹೌದು ಮತ್ತೆ, ಮೇಲಿರುವವನು ಎಂಥ ಫಿಟ್ಟರ್," ಎಂದು ಆಕಾಶಕ್ಕೆ ಕೈ ಮುಗಿದು ಹೊರಟುಹೋದರು.

ಅವರ ಹಿಂದೆ ಬಂದ ಶಾಲೆಯ ಬಾಯಿ, ಅಂದರೆ ಮೊದಲ ಮಹಡಿಯ ಟೀಚರಮ್ಮ, ಪರ್ಸಿನಿಂದ ಚೀಟಿ ತೆಗೆದು ಅಷ್ಟನ್ನೂ ಬರೆದುಕೊಂಡರು. ನಾಳೆ ಪ್ರಾರ್ಥನೆಯ ಹೊತ್ತಿಗೆ ಹುಡುಗಿಯರಿಗೆ ಓದಿ ಹೇಳುತ್ತಾರಂತೆ. ಕೆಳಗೆ ಬರೆದ ಸಂತರ ಹೆಸರು ಕೇಳಿಲ್ಲವಲ್ಲ, ಯಾವ ಕಾಲದವರು ಎಂದು ನನ್ನನ್ನೇ ಕೇಳಿದರು. ಹಾಲಿನವನು ಓದಿ ತಲೆದೂಗಿದ. ಒಂದು ಗಂಟೆಯಲ್ಲಿ ಇಪ್ಪತ್ತು ಜನ ಓದಿದರು, ಇಪ್ಪತ್ತು ಜನವೂ ಸ್ವಲ್ಪ ಸುಧಾರಿಸಿದವರ ಹಾಗೆ ನಡೆದುಕೊಂಡು ಹೋದರು. ನೌಕರಿಯ ಸುದ್ದಿ ಎಂದು ಒಬ್ಬರೂ ತಿಳಿಯಲಿಲ್ಲ. ವಾಸ್ಯಾನ ಸುಳಿವೇ ಇಲ್ಲ. ಅವನು ಆ ಹಲಗೆಯನ್ನು ಎಂದೂ ಓದುತ್ತಿರಲಿಲ್ಲವೆಂದು ನನಗೆ ಆಗ ನೆನಪಾಯಿತು. ಸುವಿಚಾರಗಳು ಎಲ್ಲಿಂದ ಬರುತ್ತವೆಂದು ಗೊತ್ತಿದ್ದವನು ಅವನೊಬ್ಬನೇ.

ಸೋತು ಮೇಲೆ ಬಂದೆ. ಕೂತೆ. ಕುಸುಮಾ ಚಹಾ ತಂದಿಟ್ಟಳು. "ಕೆಳಗ ಹಲಗಿ ಮ್ಯಾಲೆ ಇವತ್ತ ಚೊಲೋ ಬರದೀನಿ," ಎಂದೆ ಗೋಡೆಗೆ. "ಎಲ್ಲಾರೂ ಓದಲಿಕ್ಕೆ ಹತ್ಯಾರ," ಎಂದೆ ಸ್ಟೋವಿಗೆ. ಗ್ಯಾಲರಿಯಿಂದ ವಾಸ್ಯಾ ಎದ್ದ. ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಹೋದ. ಎರಡು ನಿಮಿಷಕ್ಕೆ ತಿರುಗಿ ಬಂದ. ಮುಖದಲ್ಲಿ ಒಂದು ಹೊಸ ಕಳೆ ಇತ್ತು. ಗೋಡೆಯ ಮೂಲೆಯಿಂದ ತನ್ನ ಫೈಲು ತೆಗೆದು ಪ್ರಮಾಣಪತ್ರ ನೋಡಿಕೊಳ್ಳುತ್ತ, "ಅಕ್ಕ, ನಾಳೆ ಲಗೂ ಹೋಗಬೇಕು. ಎರಡನೇ ಗೇಟು ಬಸ್‌ಸ್ಟಾಪಿನಿಂದ ಸ್ವಲ್ಪ ದೂರ ಅದ," ಎಂದ.

ನಾನು ಚಹಾ ಕೆಳಗಿಟ್ಟೆ. ಹಲಗೆಯ ಮೇಲೆ ನಾನು ಗೇಟಿನ ನಂಬರು ಬರೆದಿರಲಿಲ್ಲ. ಹೂಬಳ್ಳಿಗೆ ಜಾಗ ಹೋಗಿ ಅದು ಹಿಡಿಸಿರಲೇ ಇಲ್ಲ.

"ವಾಸ್ಯಾ, ಎರಡನೇ ಗೇಟು ಅಂತ ನಿನಗ್ಯಾರು ಹೇಳಿದರು?"

ಅವನ ಕಣ್ಣು ಗೂಟದ ಕಡೆಗೆ ಹೋಯಿತು, ನನ್ನ ಚೀಲದ ಕಡೆಗೆ. ಆಮೇಲೆ ನಿಧಾನವಾಗಿ ಹೇಳಿದ. ನಾನು ಬೆಳಿಗ್ಗೆ ಸ್ನಾನ ಸಂಧ್ಯಾವಂದನೆಗೆ ಕೂತ ಮುಕ್ಕಾಲು ತಾಸಿನಲ್ಲಿ ಅವನು ಚೀಲದ ಕಾಗದ ಓದಿ, ಸುರುಳಿ ಮೊದಲಿದ್ದ ಹಾಗೇ ಇಟ್ಟು, ಏಳು ಇಪ್ಪತ್ತರ ಗಾಡಿಯಲ್ಲಿ ಹುಡುಗರಿಗೆಲ್ಲ ಹೇಳುತ್ತಿದ್ದನಂತೆ. ಅವರು ಕಲ್ಯಾಣದಲ್ಲಿ ಇಳಿದು, ಎದುರಿನ ಪ್ಲಾಟ್‌ಫಾರ್ಮಿನಿಂದ ಠಾಣೆ ಗಾಡಿ ಹತ್ತಿ ನೇರ ಗೇಟಿಗೆ ಹೋಗುತ್ತಿದ್ದರಂತೆ. "ಒಂದೂವರಿ ವರ್ಷ ಆತು ಭಾವ," ಎಂದ.

"ಊರ ಮಂದಿಗೆಲ್ಲಾ ಹೇಳಿದಿ. ನೀ ಯಾಕ ಹೋಗಲಿಲ್ಲೋ?"

"ನಾ ಹೋಗಿ ಕೆಲಸ ಹಿಡದಿದ್ದರ, ಭಾವ ಮನ್ಯಾಗ ಹೇಳ್ಯಾರ ಅಂತಿದ್ದರು. ನಿಮ್ಮ ಹೆಸರು ಕೆಡತಿತ್ತು. ನಿಮ್ಮನ್ನೂ ಸ್ಟೋರಿಗೆ ಹಾಕತಿದ್ದರು. ಬೋರ್ಡಿಗೆ ಬಂದ ಮ್ಯಾಲೆ ಹೋದರ ಯಾರೂ ಏನೂ ಅನ್ನಂಗಿಲ್ಲ ಅಂತ ಕಾಯತಿದ್ದೆ." ಪ್ರಮಾಣಪತ್ರವನ್ನು ಫೈಲಿಗೆ ಸೇರಿಸುತ್ತ, "ನಿನ್ನೆ ನೀವು ಬಾಜಾರಕ್ಕ ಹೋದಾಗ ಈ ಕಾಗದಾ ಓದಿದೆ. ಸ್ಟೇಷನ್ ಬ್ರಿಜ್ಜಿನ ಮ್ಯಾಲೆ ಹಳೇ ಬ್ಯಾಚಿನ ಮೂರು ಮಂದಿಗೆ ಹೇಳೀನಿ. ನಾಲ್ಕನೆಯವಗ ಹೇಳಲಿಲ್ಲ. ನೀವು ಎಲ್ಲೆರೆ ಬೋರ್ಡಿಗೆ ಹಾಕಿದರ ನೋಡೂಣು ಅಂತ ಅದೊಂದು ಜಾಗಾ ಬಿಟ್ಟಿದ್ದೆ," ಎಂದ.

ನಾನು ಕಾಪಾಡುತ್ತಿದ್ದ ಪ್ರಾಮಾಣಿಕತೆಯನ್ನು ಅವನು ನನ್ನ ಹಿಂದಿನಿಂದ ನನಗಿಂತ ಚೆನ್ನಾಗಿ ಕಾಪಾಡಿದ್ದ, ಅದರ ಖರ್ಚನ್ನೆಲ್ಲ ತಾನೇ ಹೊತ್ತಿದ್ದ. ಕುಸುಮಾ ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದಳು.

"ಇದು ನಿನಗ ಗೊತ್ತಿತ್ತೇನು?" ಎಂದು ಕೇಳಿದೆ.

"ಮೊದಲ ದಿನದಿಂದ ಗೊತ್ತದ."

"ಮತ್ತ ನನಗ ಹೇಳಬಾರದಿತ್ತೇನು?"

"ಮನಿ ಮಂದಿಗೆ ಮೊದಲ ಹೇಳಬಾರದು ಅಂತ ನೀವ ಅಂದಿರಿ," ಎಂದಳು. "ಬೋರ್ಡಿಗೆ ಬರಲಿ ಅಂತ ಕಾಯಲಿಕ್ಕೆ ಹತ್ತಿದ್ದೆ."

ಸೋಮವಾರ ವಾಸ್ಯಾ ಠಾಣೆಯ ಗಾಡಿ ಹತ್ತಿದ, ನಾನು ಕಲ್ಯಾಣದ್ದು. ಹತ್ತೂವರೆಗೆ ಪರದೆ ಸರಿಸಿ, ಒಂದೂವರೆ ಗಂಟೆಯ ಹಿಂದೆ ಬರಬೇಕಾಗಿದ್ದವರನ್ನು ಒಂಬತ್ತಕ್ಕೆ ಸರಿಯಾಗಿ ಬನ್ನಿ ಎಂದು ಮೂರು ಬಣ್ಣದಲ್ಲಿ ಕರೆದೆ. ಆ ದಿನ ನಾನು ಮಾಡಿದ ಬೇರೆ ಕೆಲಸ ಯಾವುದೂ ನೆನಪಿಲ್ಲ. ಸಂಜೆ ಮನೆಗೆ ಹೋದಾಗ ವಾಸ್ಯಾ ಗ್ಯಾಲರಿಯಲ್ಲಿ ಕೂತು ಚಪ್ಪಲಿಗೆ ಮೊಳೆ ಹೊಡೆದುಕೊಳ್ಳುತ್ತಿದ್ದ. ನಾನು ಬಾಗಿಲಲ್ಲೇ ನಿಂತೆ. "ಆತು ಭಾವ," ಎಂದ, ಬಾಯಲ್ಲಿ ಎರಡು ಮೊಳೆ ಇಟ್ಟುಕೊಂಡೇ. ಉಳಿದ ಮೂವರಿಗೂ ಆಗಿತ್ತು. ಬುಧವಾರ ಅವನಿಗೆ ಇಪ್ಪತ್ತೈದು ತುಂಬಿದಾಗ ಕುಸುಮಾ ಹೋಳಿಗೆ ಮಾಡಿ, ನನಗೂ ಸೀಯದ ಒಂದನ್ನು ಬಡಿಸಿದಳು. ಸುದ್ದಿ ಕೇಳಿದ ದಾಮ್ಲೆ ಕಾಕಾ ಸುವಿಚಾರದಿಂದ ಹೀಗೂ ಫಲ ಸಿಗುತ್ತದೆಂದು ಇಡೀ ಸೊಸೈಟಿಗೆ ಸಾರಿದರು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ತಪ್ಪೊಪ್ಪಿಗೆ ಎಂದು ಶುರು ಮಾಡಿದ್ದೇನೆ. ಆ ವರ್ಷದ ಟ್ರಸ್ಟಿನ ಸಭೆಯಲ್ಲಿ ಲಿಮಯೆ ಸಾಹೇಬರು ಬ್ಯಾಚಿನ ಎಲ್ಲರಿಗೂ ನೌಕರಿ ಸಿಕ್ಕಿದೆ ಎಂದು ವರದಿ ಓದಿ, ಇದೆಲ್ಲ ಮಾಹಿತಿ ಬೋರ್ಡಿನ ಶಿಸ್ತಿನ ಫಲ ಎಂದರು. ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ನಾನು ಹೊದ್ದುಕೊಂಡೆ. ನಿಜ ಹೇಳಬೇಕಾದವನು ನಾನು, ನೌಕರಿಯ ಸುದ್ದಿಯನ್ನಷ್ಟೇ ಬಾಯಲ್ಲಿ ಹೇಳಬಾರದೆಂದು ನಿಯಮ, ನಿಜಕ್ಕೆ ಅಂಥದ್ದೇನೂ ಇರಲಿಲ್ಲ. ಆದರೂ ತುಟಿ ಬಿಚ್ಚಲಿಲ್ಲ. ಶಾಲು ಒಯ್ದು ವಾಸ್ಯಾನಿಗೆ ಕೊಟ್ಟೆ. ಅವನು ಅಷ್ಟರಲ್ಲಿ ಕೆಲಸಕ್ಕೆ ಹತ್ತಿರವಾಗಲೆಂದು ಠಾಣೆಯಲ್ಲಿ ಮೂವರು ಗೆಳೆಯರ ಜೊತೆ ಕೋಣೆ ಹಿಡಿದಿದ್ದ.

ಅವನು ಹೋದ ಮೇಲೆ ನನ್ನ ಚೀಲ ಗೂಟದಲ್ಲಿ ನಿಶ್ಚಿಂತೆಯಿಂದ ತೂಗುತ್ತಿತ್ತು. ಸುದ್ದಿ ಎಲ್ಲಿಯೂ ಸೋರಲಿಲ್ಲ. ಹೊಸ ಬ್ಯಾಚಿನ ನಲವತ್ತು ಹುಡುಗರು ಹತ್ತೂವರೆಗೆ ಪರದೆಯ ಮುಂದೆ ಶಿಸ್ತಾಗಿ ನಿಂತು, ಒಟ್ಟಿಗೆ ಓದಿ, ಒಟ್ಟಿಗೆ ಓಡಿ, ಒಟ್ಟಿಗೆ ತಡವಾಗಿ ಗೇಟು ಮುಟ್ಟಿ, ಒಟ್ಟಿಗೆ ವಾಪಸು ಬಂದರು. ಆರು ತಿಂಗಳಲ್ಲಿ ಒಬ್ಬನಿಗೂ ನೌಕರಿಯಾಗಲಿಲ್ಲ. ಪೂರ್ತಿ ಸಮಾನತೆ. ಲಿಮಯೆ ಸಾಹೇಬರು ನನ್ನನ್ನು ಕರೆಸಿ, "ಏನಾಗಿದೆ ನಿಮ್ಮ ಬೋರ್ಡಿಗೆ?" ಎಂದು ಕೇಳಿದರು. ಇಬ್ಬರೂ ಹೋಗಿ ಪರೀಕ್ಷಿಸಿದೆವು. ಬೀಗ ಸರಿ ಇತ್ತು, ಗಾಜು ಸರಿ ಇತ್ತು. ಪರದೆ ಮಾಸಿದೆ ಎಂದು ಅವರಿಗೆ ಅನ್ನಿಸಿತು. ಮಖಮಲ್ಲಿನ ಹೊಸ ಪರದೆ ಮಂಜೂರಾಯಿತು. ಹತ್ತೂವರೆಯನ್ನು ಒಂಬತ್ತು ಮಾಡಿದರೆ ಹೇಗೆ ಎಂದು ನಾನು ಮೆಲ್ಲಗೆ ಕೇಳಿದೆ. ಶಾಲು ತಂದುಕೊಟ್ಟ ನಿಯಮವನ್ನು ಯಾರಾದರೂ ಮುಟ್ಟುತ್ತಾರೆಯೇ ಎಂದು ಅವರು ನಕ್ಕರು.

ಆಮೇಲಿನಿಂದ ನಾನು ಒಂಬತ್ತು ನಲವತ್ತರ ಗಾಡಿ ಬಿಟ್ಟು ಏಳು ಇಪ್ಪತ್ತರದ್ದು ಹಿಡಿಯತೊಡಗಿದೆ. ಬೆಳಗಿನ ಗಾಳಿ ಒಳ್ಳೆಯದೆಂದು ಕುಸುಮಾಳಿಗೆ ಹೇಳಿದೆ. ಅವಳು ಡಬ್ಬಿ ಬೇಗ ಕಟ್ಟಿಕೊಟ್ಟಳು. ಕಲ್ಯಾಣದ ಕಡೆಗೆ ಆ ಹೊತ್ತಿನಲ್ಲಿ ಕೂರಲು ಜಾಗ ಸಿಗುತ್ತದೆ. ಹುಡುಗರು ಹತ್ತುವ ಬೋಗಿಯಲ್ಲೇ, ಅವರ ನಡುವೆಯೇ ಕೂತು, ಚೀಲವನ್ನು ತೊಡೆಯ ಮೇಲೆ ಬಾಯಿ ತೆರೆದಿಟ್ಟು, ಡೊಂಬಿವಲಿ ಬಿಟ್ಟ ಕೂಡಲೇ ನಿದ್ದೆ ಹೋಗುತ್ತಿದ್ದೆ. ಕಲ್ಯಾಣಕ್ಕೆ ಹತ್ತೇ ನಿಮಿಷ, ನಡುವೆ ಠಾಕುರ್ಲಿ ಒಂದೇ ಸ್ಟೇಷನ್ನು. ಅಷ್ಟರಲ್ಲಿ ಗಾಢ ನಿದ್ದೆ ಬಂದು ಗೊರಕೆಯೂ ಹೊಡೆಯಬೇಕೆಂದರೆ ಸಾಮಾನ್ಯ ಕೆಲಸವಲ್ಲ. ಮೊದಲ ವಾರ ಯಾರೂ ಚೀಲ ಮುಟ್ಟಲಿಲ್ಲ, ಅಷ್ಟು ಒಳ್ಳೆಯ ಹುಡುಗರು. ಕಾಗದವನ್ನು ಅರ್ಧ ಹೊರಗೆ ಎಳೆದಿಟ್ಟು ಮಲಗಬೇಕಾಯಿತು. ಎರಡನೇ ವಾರ ಮೆಲ್ಲಗೆ ಸರಸರ ಸದ್ದಾಯಿತು. ಮೂರನೇ ವಾರ ಇಬ್ಬರಿಗೆ ನೌಕರಿಯಾಯಿತು. ಸುರುಳಿಯನ್ನು ವಾಸ್ಯಾ ಇಡುತ್ತಿದ್ದಷ್ಟೇ ಅಚ್ಚುಕಟ್ಟಾಗಿ ವಾಪಸು ಇಡುತ್ತಿದ್ದರು.

ಒಂದು ದಿನ ಎರಡು ಪುಟದ ಕಾಗದ ಬಂದಿತ್ತು. ಗಾಡಿ ಕಲ್ಯಾಣದಲ್ಲಿ ನಿಂತಿತು, ಹುಡುಗರು ದಡಬಡ ಇಳಿಯತೊಡಗಿದರು. ನಾನೂ ಆಕಳಿಸಿ ಏಳುವ ಸಿದ್ಧತೆಯಲ್ಲಿದ್ದೆ. ಆಗ ಪಕ್ಕದಿಂದ ಒಂದು ಕೈ ನನ್ನ ಹೆಗಲನ್ನು ಮೆತ್ತಗೆ ಒತ್ತಿ ಕೂರಿಸಿತು. "ಸರ್, ಏಳಬೇಡಿ," ಎಂದು ಯಾವನೋ ಮರಾಠಿಯಲ್ಲಿ ಪಿಸುಗುಟ್ಟಿದ, "ಇನ್ನೊಂದು ಪುಟ ಉಳಿದಿದೆ." ನಾನು ಕಣ್ಣು ಬಿಡಲಿಲ್ಲ. ಮುಂದಿನ ಸ್ಟೇಷನ್ನು ವಿಠ್ಠಲವಾಡಿಯ ತನಕ ನಿದ್ದೆ ಮಾಡಿ, ಅಲ್ಲಿ ಇಳಿದು, ಹಿಂದಕ್ಕೆ ಹೋಗುವ ಗಾಡಿ ಹಿಡಿದು ಆಫೀಸು ಸೇರಿ, ಹತ್ತೂವರೆಗೆ ಸರಿಯಾಗಿ ಮಖಮಲ್ಲಿನ ಪರದೆ ಸರಿಸಿದೆ. ನನ್ನ ಅಕ್ಷರ ಅಂದು ಬಹಳ ಚೆನ್ನಾಗಿ ಬಂದಿತ್ತು. ನೋಡಲು ಅಲ್ಲಿ ಒಬ್ಬರೂ ಇರಲಿಲ್ಲ.